ಹಗುರವಾದ ಗಾಳಿಬಂದೂಕು: ಯಾವುದು, ಯಾರಿಗೆ, ಏತಕ್ಕೆ?

ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಚನ್ನಗಿರಿಯ ಸೀಮೆಯ ಮನೆಗಳಲ್ಲಿ ಕೊಳ್ಳಬೇಕಾದ ವಸ್ತುಗಳ ಪಟ್ಟಿಯು ತಾನಾಗಿಯೇ ಉದ್ದವಾಗುವುದು. ಹಿರಿಯರು ತೋಟದ ಪಂಪನ್ನೂ ಹೆಂಗಸರು ಪಾತ್ರೆಪಡಗಗಳನ್ನೂ ಬರೆಸಿದ ಮೇಲೆ, ಪಟ್ಟಿಯ ಕೊನೆಯಲ್ಲಿ ಹದಿನಾರು ವರ್ಷದ ಹುಡುಗನೋ ಅವನ ಸೋದರಮಾವನೋ ಮೆಲ್ಲನೆ ಇನ್ನೊಂದನ್ನು ಸೇರಿಸುವುದುಂಟು: ಒಂದು ಗಾಳಿಬಂದೂಕು. ಅಂಗಡಿಯವರು ಇದನ್ನು ಏರ್‌ಗನ್ ಎನ್ನುವರು. ಭಾರದ್ದು ಬೇಡ, ಹೆಗಲಿಗೆ ಹಗುರವಾದದ್ದು ಸಾಕು. ಸೂಳೆಕೆರೆಯ ಅಂಚಿನಲ್ಲಿ ನಾಲ್ಕು ಬಾತು, ಗುಡ್ಡದ ಬುಡದಲ್ಲಿ ಒಂದು ಮೊಲ, ಇಷ್ಟಕ್ಕೆ ಎಂದು ಅವರ ವಾದ. ಇಂಥ ಸಣ್ಣ ಬೇಟೆಗೆ ಹಗುರವೂ ಒಳ್ಳೆಯದೂ ಆದ ಬಂದೂಕು ಯಾವುದು ಎಂಬ ಪ್ರಶ್ನೆಯು ನಮ್ಮ ವಾಚಕರಲ್ಲಿ ಹಲವರ ಮನೆಗಳಲ್ಲಿ ಎದ್ದಿರಬಹುದು. ಬಂದೂಕಿನ ಭಾಗಕ್ಕೆ ವಿವರವಾದ ಉತ್ತರವುಂಟು. ಬೇಟೆಯ ಭಾಗಕ್ಕೆ ಉತ್ತರವು ಚಿಕ್ಕದು; ಅದನ್ನೇ ಮೊದಲು ಹೇಳುವೆವು.

ಸೂಳೆಕೆರೆಯನ್ನು ನೋಡದವರಿಗೆ ಅದರ ವೈಶಾಲ್ಯವನ್ನು ಮಾತಿನಿಂದ ತಿಳಿಸುವುದು ಕಷ್ಟ. ಎರಡು ಗುಡ್ಡಗಳ ನಡುವಣ ಕಂಡಿಗೆ ಏರಿಯನ್ನು ಕಟ್ಟಿ ಹರಿದ್ರಾ ಹಳ್ಳವನ್ನು ತಡೆದುದರಿಂದ ಆದ ಈ ಕೆರೆಯು ಸುಮಾರು 6,500 ಎಕರೆ ನೆಲವನ್ನು ಆವರಿಸಿರುವುದು. ಶಾಂತವ್ವೆಯೆಂಬವಳು ಕಟ್ಟಿಸಿದಳೆಂದು ಜನರು ಹೇಳುವ ಕಥೆಯಿಂದ ಇದಕ್ಕೆ ಶಾಂತಿಸಾಗರವೆಂಬ ಹೆಸರೂ ಬಂದಿದೆ. ತೂಬಿನಿಂದ ಹೊರಟ ನೀರು ಗದ್ದೆ ತೋಟಗಳನ್ನು ತಣಿಸಿ, ಮುಂದೆ ಹರಿಹರದ ಬಳಿ ತುಂಗಭದ್ರೆಯನ್ನು ಸೇರುವುದು. ಇಷ್ಟು ನೀರಿದ್ದಲ್ಲಿ ಹಕ್ಕಿಗಳು ಬಾರದಿರುವುವೆ? ಚಳಿಗಾಲದಲ್ಲಿ ಜೊಂಡಿನ ಮರೆಯಲ್ಲಿ ಬಾತುಗಳು, ತೆಳುನೀರಿನಲ್ಲಿ ಕೊಕ್ಕರೆಗಳು, ಸುತ್ತಣ ಕುರುಚಲಿನಲ್ಲಿ ಗೌಜುಗ, ಮೊಲ, ನವಿಲು. ಬಂದೂಕನ್ನು ಹಿಡಿಯುವ ಕೈಗೆ ತುರಿಕೆ ಬರುವುದು ಸಹಜವೇ.

ಆದರೆ ಇವುಗಳಲ್ಲಿ ಒಂದನ್ನೂ ಹೊಡೆಯುವಂತಿಲ್ಲ. ಮೈಸೂರು ಸಂಸ್ಥಾನದಲ್ಲಿ 1901ರಷ್ಟು ಹಿಂದೆಯೇ ಬೇಟೆಯ ಪ್ರಾಣಿಗಳನ್ನೂ ಮೀನುಗಳನ್ನೂ ಕಾಯುವುದಕ್ಕೆ ಶಾಸನವಾಗಿತ್ತು. ಸ್ವತಂತ್ರ ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆಯು 1972ರಲ್ಲಿ ಬಂದಾಗ, 'ಸಣ್ಣ ಬೇಟೆ'ಗೆಂದೇ ಒಂದು ಲೈಸೆನ್ಸಿಗೆ ಅದರಲ್ಲಿ ಅವಕಾಶವಿದ್ದಿತು. 1991ರ ತಿದ್ದುಪಡಿಯು ಆ ಬಾಗಿಲನ್ನು ಮುಚ್ಚಿತು. ಇಂದು ಮೊಲ, ಗೌಜುಗ, ಕಾಡುಬಾತುಗಳೆಲ್ಲವೂ ಕಾಯಿದೆಯ ರಕ್ಷಿತ ಪಟ್ಟಿಗಳಲ್ಲಿರುವುವು; ನವಿಲಂತೂ ಮೊದಲನೆಯ ಪಟ್ಟಿಯಲ್ಲಿ. ಕೊಲ್ಲುವುದು ಮಾತ್ರವೇ ಬೇಟೆಯೆಂದು ಎಣಿಸಬಾರದು. ಗಾಯಪಡಿಸುವುದು, ಹಿಡಿಯುವುದು, ಅಟ್ಟುವುದು, ಗೂಡನ್ನೂ ಮೊಟ್ಟೆಯನ್ನೂ ಕೆಡಿಸುವುದು, ಇವುಗಳಿಗೆ ಪ್ರಯತ್ನಿಸುವುದು ಸಹ ಕಾಯಿದೆಯ ಕಣ್ಣಿಗೆ ಬೇಟೆಯೇ. ತಪ್ಪಿಗೆ 3 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಮೊದಲನೆಯ ಪಟ್ಟಿಯ ಪ್ರಾಣಿಯಾದರೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗಿನ ಸೆರೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು 2011ರಿಂದ ಕೊಂಡುಕುರಿಗಳ ಅಭಯಾರಣ್ಯವಾಗಿರುವುದು. ಅಲ್ಲಿಗೆ ಅಪ್ಪಣೆಯಿಲ್ಲದೆ ಆಯುಧವನ್ನು ಒಯ್ಯುವುದೇ ಅಪರಾಧ.

ಗಾಳಿಬಂದೂಕಿಗೆ ಲೈಸೆನ್ಸ್ ಬೇಡವಾದ್ದರಿಂದ ಅದರಿಂದ ಹೊಡೆಯುವ ಬೇಟೆಗೂ ಬೇಡವೆಂದು ತಿಳಿದವರು ಬಹು ಮಂದಿ. ಇವೆರಡೂ ಬೇರೆ ಬೇರೆ ಕಾಯಿದೆಗಳ ಮಾತು.

ಈ ಸೀಮೆಯಲ್ಲಿ ಬೇಟೆಯನ್ನು ಬಿಟ್ಟವರು ಯಾರೆಂಬುದನ್ನೂ ನೆನೆಯಬೇಕು. ಚನ್ನಗಿರಿ ತಾಲ್ಲೂಕಿನಲ್ಲಿ ನೆಲೆನಿಂತಿರುವ ಹಕ್ಕಿಪಿಕ್ಕಿ ಜನರಿಗೆ ಹಕ್ಕಿಗಳನ್ನು ಹಿಡಿಯುವುದು ವಿನೋದವಾಗಿರಲಿಲ್ಲ. ಅವರ ಹೆಸರಿನಲ್ಲಿಯೇ ಹಕ್ಕಿಯುಂಟು, ಅವರ ಅನ್ನವೂ ಅದರಿಂದಲೇ ಆಗುತ್ತಿತ್ತು. ಕಾಯಿದೆಯು ಬಂದ ಮೇಲೆ ಅವರು ಬಲೆಯನ್ನು ಬಿಟ್ಟು ಗಿಡಮೂಲಿಕೆಗಳನ್ನೂ ತಲೆಗೆ ಹಚ್ಚುವ ಎಣ್ಣೆಯನ್ನೂ ಮಾರುತ್ತ ಊರೂರು ತಿರುಗಿದರು. ಕಡಲನ್ನು ದಾಟಿ ಆಫ್ರಿಕಾ ಖಂಡದವರೆಗೂ ಹೋದರು. 2023ರಲ್ಲಿ ಸೂಡಾನಿನಲ್ಲಿ ಅಂತರ್ಯುದ್ಧವು ಹತ್ತಿದಾಗ ಅಲ್ಲಿ ಸಿಕ್ಕಿಕೊಂಡು, ಸರ್ಕಾರದವರ 'ಕಾವೇರಿ' ಕಾರ್ಯಾಚರಣೆಯಿಂದ ಮರಳಿ ಬಂದವರಲ್ಲಿ ಈ ಜನರೂ ಇದ್ದರು. ಹೊಟ್ಟೆಪಾಡಿಗಾಗಿ ಬೇಟೆಯಾಡುತ್ತಿದ್ದವರು ಅದನ್ನು ತೊರೆದು ಇಷ್ಟು ದೂರ ಅಲೆಯಬೇಕಾಯಿತು. ತೋಟ, ಗದ್ದೆ, ತಿಂಗಳ ವರಮಾನವುಳ್ಳ ಗೃಹಸ್ಥನು ಭಾನುವಾರದ ಹೊತ್ತು ಕಳೆಯುವುದಕ್ಕೆ ಅದೇ ಹಕ್ಕಿಯನ್ನು ಹೊಡೆಯುವೆನೆಂದರೆ ಏನೆಂದು ಉತ್ತರ ಕೊಡೋಣ?

ತೋಟದಲ್ಲಿ ಮಂಗಗಳ ಕಾಟವೆಂದು ಬಂದೂಕನ್ನು ಬಯಸುವವರ ಕಷ್ಟವು ನಿಜವಾದದ್ದೇ. ಅದನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೆ ಸೀಸದ ಗುಂಡು ತಗುಲಿದ ಮಂಗವು ತೋಟವನ್ನು ಬಿಡುವುದೆಂಬ ಭರವಸೆಯಿಲ್ಲ, ಅಪರಾಧವು ಮಾತ್ರ ಖಂಡಿತ. ಶಬ್ದ, ನಾಯಿ, ಕಾವಲು, ಅರಣ್ಯ ಇಲಾಖೆಗೆ ಅರ್ಜಿ, ಇವೇ ಅಲ್ಲಿಯ ದಾರಿಗಳು. ಕಣಜದ ಇಲಿಗಳು ಕಾಯಿದೆಯ ಪಟ್ಟಿಗಳಲ್ಲಿಲ್ಲ, ಸರಿ. ಆದರೆ ಅವಕ್ಕೆ ಬೋನೇ ಸಾಕು. ಕತ್ತಲೆಯ ಕಣಜದಲ್ಲಿ ಕಲ್ಲುಗೋಡೆಗೆ ಗುಂಡು ಹಾರಿಸಿದವನ ಕಣ್ಣಿಗೇ ಅದು ಮರಳಿ ಬಂದೀತು.

ಹಾಗಾದರೆ ಗಾಳಿಬಂದೂಕನ್ನು ಕೊಳ್ಳಲೇಬಾರದೆ? ಕೊಳ್ಳಬಹುದು, ಗುರಿಯ ಅಭ್ಯಾಸಕ್ಕಾಗಿ. ಹಾಗೆ ಕೊಳ್ಳುವವನಿಗೆ ಹಗುರ ಎಂಬ ಮಾತಿನ ಅರ್ಥವೇ ಬೇರೆಯಾಗುವುದು.

ಗಾಳಿಬಂದೂಕು ಆಟಿಕೆಯಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆಸ್ಟ್ರಿಯ ದೇಶದ ಸೈನಿಕರು ಜಿರಾಂಡೋನಿಯೆಂಬವನು ರಚಿಸಿದ ಗಾಳಿಬಂದೂಕನ್ನು ಯುದ್ಧಕ್ಕೇ ಒಯ್ದಿದ್ದರು. ನಮ್ಮ ದೇಶದಲ್ಲಿ ಈಗ ನಡೆಯುವ ನಿಯಮವು 2016ರ ಆಯುಧ ನಿಯಮಾವಳಿಯದು: ನಳಿಗೆಯ ರಂಧ್ರವು 0.177 ಅಂಗುಲವನ್ನು, ಎಂದರೆ 4.5 ಮಿಲಿಮೀಟರನ್ನು ಮೀರಬಾರದು. ಗುಂಡು ಹೊರಬೀಳುವಾಗಿನ ಶಕ್ತಿಯು 20 ಜೌಲುಗಳನ್ನು ಮೀರಬಾರದು. ಈ ಎರಡರೊಳಗೆ ಇದ್ದರೆ ಲೈಸೆನ್ಸ್ ಬೇಡ. ಒಂದನ್ನು ಮೀರಿದರೂ ಬೇಕು, 0.22 ಅಂಗುಲದ ಗಾಳಿಬಂದೂಕನ್ನು ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಅಂಥವರನ್ನು ಬಾಗಿಲಿನಿಂದಲೇ ಕಳುಹಿಸತಕ್ಕದ್ದು. 20 ಜೌಲೆಂದರೆ ಒಂದು ಕಿಲೋಗ್ರಾಂ ಅಕ್ಕಿಯ ಚೀಲವನ್ನು ಎರಡು ಮೀಟರು ಎತ್ತರದ ಅಟ್ಟಕ್ಕೆ ಏರಿಸುವಷ್ಟು ಕೆಲಸ. ಕೇಳುವುದಕ್ಕೆ ಅಲ್ಪವೆನಿಸುವುದು, ಅಷ್ಟೂ ಬಲವು ಮೆಣಸಿನ ಕಾಳಿನಷ್ಟು ಸೀಸದ ಮೊನೆಯಲ್ಲಿ ಕೂಡಿದಾಗ ಅಲ್ಪವಲ್ಲ.

ಮನೆಗೆ ತಕ್ಕ ಬಂದೂಕೆಂದರೆ ಸ್ಪ್ರಿಂಗಿನದು. ನಳಿಗೆಯನ್ನು ಮುರಿದಂತೆ ಕೆಳಕ್ಕೆ ಬಾಗಿಸಿದಾಗ ಒಳಗಿನ ದಪ್ಪ ಸ್ಪ್ರಿಂಗು ಒತ್ತಿ ನಿಲ್ಲುವುದು. ನಳಿಗೆಯ ಬುಡದಲ್ಲಿ ಒಂದು ಪೆಲೆಟ್ಟನ್ನಿಟ್ಟು ಮೇಲಕ್ಕೆ ಮುಚ್ಚಬೇಕು. ಟ್ರಿಗರನ್ನು ಎಳೆದೊಡನೆ ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ತಳ್ಳುವುದು, ಪಿಸ್ಟನ್ನು ಗಾಳಿಯನ್ನು ಅಮುಕುವುದು, ಗಾಳಿಯು ಗುಂಡನ್ನು ನೂಕುವುದು. ಮೊದಲೇ ಗಾಳಿ ತುಂಬಿಸಿಟ್ಟುಕೊಳ್ಳುವ ಮತ್ತೊಂದು ಜಾತಿಯುಂಟು. ಅದು ಒದೆಯದು, ಗುರಿಗೂ ಮೇಲು. ಆದರೆ ಅದಕ್ಕೆ ಬೇರೆ ಪಂಪು ಬೇಕು, ಬೆಲೆಯೂ ಮೇಲು.

ಹಗುರವನ್ನು ಕೇಳುವವರು ಮುಖ್ಯವಾಗಿ ತಿಳಿಯಬೇಕಾದದ್ದು ಈ ಸ್ಪ್ರಿಂಗಿನಲ್ಲಿಯೇ ಅಡಗಿದೆ. ಪಿಸ್ಟನ್ನು ಮುಂದಕ್ಕೆ ಹಾರುವಾಗ ಬಂದೂಕು ಹಿಂದಕ್ಕೆ ಒದೆಯುವುದು. ಅದು ಕೊನೆಯನ್ನು ಮುಟ್ಟಿ ನಿಂತಾಗ ಬಂದೂಕು ಮುಂದಕ್ಕೆ ಮುಗ್ಗರಿಸುವುದು. ಗುಂಡು ನಳಿಗೆಯನ್ನು ಬಿಡುವುದಕ್ಕೆ ಮೊದಲೇ ಈ ಅಲುಗಾಟ ತೊಡಗುವುದು. ಬಂದೂಕಿನ ತೂಕ ಕಡಿಮೆಯಾದಷ್ಟೂ ಕುಣಿತ ಹೆಚ್ಚು. ಆದುದರಿಂದ ಹಗುರವಾದ ಮೈಯಲ್ಲಿ ಬಲವಾದ ಸ್ಪ್ರಿಂಗನ್ನು ತುರುಕಿ 'ತೂಕ ಕಡಿಮೆ, ಪೆಟ್ಟು ಜೋರು' ಎಂದು ಹೊಗಳುವ ಬಂದೂಕು ಎರಡೂ ಕಡೆ ಕೆಟ್ಟದ್ದು: ಬಾಗಿಸುವುದಕ್ಕೆ ತೋಳು ನೋಯುವುದು, ಗುರಿಯೂ ನಿಲ್ಲದು. ಹಗುರವು ಬೇಕಾದರೆ ಬಲವೂ ಮೆತ್ತಗಿರಬೇಕು. ಎರಡೂವರೆಯಿಂದ ಮೂರು ಕಿಲೋಗ್ರಾಂ ತೂಗುತ್ತ, ಅರ್ಧ ಗ್ರಾಮಿನ ಪೆಲೆಟ್ಟನ್ನು ಸೆಕೆಂಡಿಗೆ 180ರಿಂದ 200 ಮೀಟರು ವೇಗದಲ್ಲಿ ಬಿಡುವ ಬಂದೂಕು ಹದವಾದದ್ದು. ಅದರ ಶಕ್ತಿಯು 8ರಿಂದ 10 ಜೌಲು. ಡಬ್ಬಿಯ ಮೇಲೆ ಅಚ್ಚು ಹಾಕಿದ ದೊಡ್ಡ ವೇಗದ ಸಂಖ್ಯೆಯನ್ನು ನೋಡಿ ಮರುಳಾಗಬಾರದು. ಬಹು ಹಗುರವಾದ ಪೆಲೆಟ್ಟಿನಿಂದ ಅಳೆದರೆ ಎಂಥ ಸಂಖ್ಯೆಯೂ ಬರುವುದು.

ಇದೇ ಲೆಕ್ಕವು ಬೇಟೆಯ ವಿಚಾರಕ್ಕೂ ತಗುಲುವುದು. ಇಂಗ್ಲೆಂಡಿನಲ್ಲಿ ಗಾಳಿಬಂದೂಕಿನಿಂದ ಕಾಡುಮೊಲವನ್ನು ಹೊಡೆಯುವುದಕ್ಕೆ ಅಡ್ಡಿಯಿಲ್ಲ. ಅಲ್ಲಿ ಲೈಸೆನ್ಸಿಲ್ಲದ ಬಂದೂಕಿನ ಮಿತಿಯು ಸುಮಾರು 16 ಜೌಲು, ಆ ಪೂರ್ಣ ಬಲದಿಂದಲೂ ಸಮೀಪದಲ್ಲಿ ನಿಂತು ತಲೆಗೇ ಗುರಿಯಿಡಬೇಕೆಂದು ಬಲ್ಲವರು ಹೇಳುವರು. ಹತ್ತು ಜೌಲಿನ ಹಗುರ ಬಂದೂಕು ಹುಡುಗನ ಕೈಯಲ್ಲಿ ಏನು ಮಾಡೀತು? ಮೊಲವು ಸಾಯದೆ ಪೊದೆಯನ್ನು ಹೊಗುವುದು, ಬಾತು ಹೊಟ್ಟೆಯಲ್ಲಿ ಗುಂಡನ್ನು ಹೊತ್ತು ಜೊಂಡಿಗೆ ಈಜುವುದು. ಎರಡೂ ದಿನಗಟ್ಟಲೆ ನರಳಿ ಸಾಯುವುವು, ಹೊಡೆದವನ ಕೈಗೆ ಬಾರವು. ಕಾಯಿದೆಯೇ ಇಲ್ಲದಿದ್ದರೂ ಈ ಬಂದೂಕು ಬೇಟೆಗೆ ಯೋಗ್ಯವಾಗಿರಲಿಲ್ಲ.

ನೀರಿನ ಕಡೆಗೆ ಹಾರಿಸುವುದರಲ್ಲಿ ಇನ್ನೂ ಎರಡು ಕೇಡುಗಳುಂಟು. ಓರೆಯಾಗಿ ತಗುಲಿದ ಗುಂಡು ನೀರಿನ ಮೇಲೆ ಬಿಲ್ಲೆಗಲ್ಲಿನಂತೆ ಪುಟಿದು, ಎದುರಿನ ದಡದಲ್ಲಿ ಬಟ್ಟೆ ಒಗೆಯುವವರನ್ನೋ ತೆಪ್ಪದಲ್ಲಿ ಬಲೆ ಬೀಸುವವರನ್ನೋ ಮುಟ್ಟಬಹುದು; ಅಡೆತಡೆಯಿಲ್ಲದಿದ್ದರೆ ಇನ್ನೂರು ಮುನ್ನೂರು ಗಜ ಹೋಗುವ ವಸ್ತುವದು. ಕೆಸರಿನಲ್ಲಿ ಉಳಿದ ಸೀಸವು ಮತ್ತೊಂದು ಕೇಡು. ಬಾತುಗಳು ಆಹಾರವನ್ನು ಅರೆಯುವುದಕ್ಕೆ ಹರಳುಗಳನ್ನು ನುಂಗುವುವು, ಅವುಗಳೊಡನೆ ಸೀಸದ ಚೂರನ್ನೂ ನುಂಗಿ ವಿಷವೇರಿ ಸಾಯುವುವು. ಅಮೆರಿಕದವರು ನೀರುಹಕ್ಕಿಗಳ ಬೇಟೆಯಲ್ಲಿ ಸೀಸವನ್ನು ದೇಶಕ್ಕೆಲ್ಲ ನಿಷೇಧಿಸಿದ್ದು 1991ರಲ್ಲಿ. ನಮ್ಮಲ್ಲಿ ಸಣ್ಣ ಬೇಟೆಯ ಲೈಸೆನ್ಸು ಹೋದದ್ದೂ ಅದೇ ವರ್ಷ.

ಇನ್ನು ಅಂಗಡಿಗೆ ಹೋಗೋಣ. ಬಂದೂಕನ್ನು ಹಿಡಿಯುವವನನ್ನೇ ಜೊತೆಗೆ ಕರೆದೊಯ್ಯಬೇಕು. ತಂದೆಯ ತೋಳಿಗೆ ಒಗ್ಗಿದ್ದು ಮಗಳ ತೋಳಿಗೆ ಒಗ್ಗದು. (ಮಗಳೆಂದು ಬೇಕೆಂದೇ ಬರೆದೆವು. ಇದರಲ್ಲಿ ತೋಳಿನ ಬಲಕ್ಕಿಂತ ಮನಸ್ಸಿನ ಸ್ಥಿರತೆಯೇ ಹೆಚ್ಚಿನದು.) ಬಂದೂಕಿನ ಹಿಂಬದಿಯ ಮರವನ್ನು ಮೊಣಕೈಯ ಒಳಮಡಿಕೆಗೆ ಆನಿಸಿದರೆ ತೋರುಬೆರಳು ಟ್ರಿಗರಿಗೆ ಸಲೀಸಾಗಿ ಮುಟ್ಟಬೇಕು; ಮುಟ್ಟದಿದ್ದರೆ ಮರವು ಉದ್ದವಾಯಿತು. ನಳಿಗೆಯನ್ನು ಅವನೇ ಹತ್ತು ಸಲ ಬಾಗಿಸಲಿ. ಹತ್ತನೆಯ ಸಲಕ್ಕೆ ಹಲ್ಲು ಕಚ್ಚುವಂತಾದರೆ ಆ ಬಂದೂಕು ಬೇಡ. ಬಾಗಿಸಿ ಮುಚ್ಚಿದಾಗ ನಳಿಗೆಯ ಕೀಲಿನಲ್ಲಿ ಅಲುಗಾಟವಿರಬಾರದು. ದುರ್ಬೀನನ್ನು ಮೊದಲ ದಿನವೇ ಕೊಳ್ಳುವುದು ದುಂದು. ಸ್ಪ್ರಿಂಗಿನ ಹಿಂದುಮುಂದಿನ ಒದೆತಕ್ಕೆ ಸಾಮಾನ್ಯ ದುರ್ಬೀನು ಬೇಗ ಕೆಡುವುದು, ಜೊತೆಗೆ ತೂಕವೂ ಏರುವುದು. ನಳಿಗೆಯ ತುದಿಯ ಮೊಳೆಯನ್ನು ಹಿಂಬದಿಯ ಕಚ್ಚಿನಲ್ಲಿ ಕೂಡಿಸಿ ನೋಡುವುದೇ ಕಲಿಕೆಯ ಆರಂಭ.

ಮನೆಗೆ ತಂದ ಮೇಲೆ ಕೆಲವು ಕಟ್ಟುಗಳನ್ನು ಮೀರಬಾರದು. ಪೆಲೆಟ್ಟಿಡುವಾಗ ಬಾಗಿದ ನಳಿಗೆಯನ್ನು ಒಂದು ಕೈ ಬಿಡದೆ ಹಿಡಿದಿರಬೇಕು. ಸ್ಪ್ರಿಂಗು ಜಾರಿ ನಳಿಗೆ ಚಿಮ್ಮಿದರೆ ಬೆರಳು ಉಳಿಯದು. ಪೆಲೆಟ್ಟಿಲ್ಲದೆ ಬರಿದೆ ಹಾರಿಸಿದರೆ ಪಿಸ್ಟನ್ನಿನ ಬಿರಡೆ ಹಾಳಾಗುವುದು. ನಮ್ಮ ಮನೆಗಳಲ್ಲಿ ಕಿರುಗುಟ್ಟುವ ಸಮಸ್ತಕ್ಕೂ ಕೊಬ್ಬರಿಎಣ್ಣೆಯೇ ಔಷಧವಷ್ಟೆ; ಇಲ್ಲಿ ಮಾತ್ರ ಆ ಔಷಧ ಬೇಡ. ಅಮುಕಿದ ಗಾಳಿಯ ಕಾವಿಗೆ ಎಣ್ಣೆಯು ಹೊತ್ತಿ ಸಿಡಿದು ಬಂದೂಕನ್ನೇ ಕೆಡಿಸೀತು. ಹಾರಿಸುವವನಿಗೂ ಪಕ್ಕದಲ್ಲಿ ನಿಂತವರಿಗೂ ಕನ್ನಡಕವಿರಲಿ. ಪೆಲೆಟ್ಟನ್ನು ಬಾಯಿಯಲ್ಲಿಟ್ಟುಕೊಳ್ಳುವ ಚಾಳಿ ಹುಡುಗರಲ್ಲುಂಟು; ಸೀಸವು ವಿಷ, ಆಟ ಮುಗಿದೊಡನೆ ಸೋಪು ಹಚ್ಚಿ ಕೈ ತೊಳೆಯಬೇಕು. ಬಂದೂಕು ಒಂದು ಕಪಾಟಿನಲ್ಲಿ, ಪೆಲೆಟ್ಟು ಇನ್ನೊಂದರಲ್ಲಿ, ಬೀಗದ ಕೈ ಹಿರಿಯರ ಸೊಂಟದಲ್ಲಿ.

ಗುರಿಯ ಕಣವನ್ನು ಹಿತ್ತಿಲಿನಲ್ಲಿಯೇ ಮಾಡಬಹುದು. ಒಲಿಂಪಿಕ್ ಕ್ರೀಡೆಗಳಲ್ಲಿ ಗಾಳಿಬಂದೂಕಿನ ಪಂದ್ಯದ ದೂರವು 10 ಮೀಟರು; ಅಷ್ಟು ಉದ್ದದ ಜಾಗ ನಮ್ಮ ಕಣದಂಗಳಗಳಲ್ಲಿ ಸಿಕ್ಕುವುದು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ ಬಿಂದ್ರಾ ಅವರು ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನದ ಪದಕವನ್ನು ಗೆದ್ದದ್ದು ಇದೇ ದೂರದಿಂದ, ಇದೇ 4.5 ಮಿಲಿಮೀಟರಿನ ಪೆಲೆಟ್ಟಿನಿಂದ. ಆ ಗುರಿಹಾಳೆಯ ನಟ್ಟನಡುವಣ ಚುಕ್ಕೆಯು ಅರ್ಧ ಮಿಲಿಮೀಟರು, ಪೆಲೆಟ್ಟಿಗಿಂತಲೂ ಚಿಕ್ಕದು. ಬೇಟೆಯ ಹಂಬಲವಿರುವ ಹುಡುಗನಿಗೆ ಈ ಚುಕ್ಕೆಯನ್ನು ತೋರಿಸಿ ನೋಡಿರಿ. ಮೊಲಕ್ಕಿಂತ ಕಠಿನವಾದ ಬೇಟೆಯಿದು.

ಹಾಳೆಯ ಹಿಂದೆ ಮರಳು ತುಂಬಿದ ಚೀಲಗಳನ್ನು ಆಳೆತ್ತರಕ್ಕೆ ಪೇರಿಸಬೇಕು, ಅದರ ಹಿಂದೆ ಗೋಡೆಯಿರಬೇಕು, ಕಾಲುದಾರಿಯಿರಬಾರದು. ಬಂದೂಕನ್ನು ಬಿಗಿಯಾಗಿ ಅಪ್ಪಿ ಹಿಡಿಯದೆ, ಎಡಗೈಯ ಅಂಗೈಯ ಮೇಲೆ ಹಗುರಾಗಿ ತಂಗಲು ಬಿಟ್ಟು, ಪ್ರತಿ ಸಲವೂ ಒಂದೇ ಬಗೆಯಾಗಿ ಹಿಡಿಯಬೇಕು. ಅದರ ಕುಣಿತವು ಒಂದೇ ರೀತಿಯಾಗಿದ್ದರೆ ತೂತುಗಳೂ ಒಂದೇ ಕಡೆ ಕೂಡುವುವು. ದಿನಕ್ಕೆ ಇಪ್ಪತ್ತು ಗುಂಡಿಗಿಂತ ಹೆಚ್ಚು ಬೇಡ. ತೋಳು ದಣಿದ ಮೇಲೆ ಕಲಿತದ್ದು ಕೆಟ್ಟ ಅಭ್ಯಾಸವೇ ಆಗುವುದು. ಐದು ಗುಂಡುಗಳ ತೂತುಗಳು ಒಂದು ರೂಪಾಯಿಯ ನಾಣ್ಯದ ಅಡಿಯಲ್ಲಿ ಮರೆಯಾಗತೊಡಗಿದಾಗ, ದುರ್ಬೀನಿನ ಮಾತನ್ನೋ ಇನ್ನೂ ಒಳ್ಳೆಯ ಬಂದೂಕಿನ ಮಾತನ್ನೋ ಎತ್ತಿದರೆ ಮನೆಯ ಹಿರಿಯರು ಕಿವಿಗೊಡಬಹುದು.