ಎರೆನೀರು ಕುಡಿನೀರಾಗುವ ಪಾಠ

ಹಳ್ಳ, ಕೆರೆ, ಜಲಾಶಯದ ನೀರು ಕುಡಿಯಲು ಯೋಗ್ಯವಾಗಬೇಕಾದರೆ ಎರಡು ಬೇರೆ ಬೇರೆ ಕೆಲಸ ನಡೆಯಬೇಕು: ನೀರು ತಿಳಿಯಾಗಬೇಕು, ಅದರೊಳಗಿನ ರೋಗಾಣು ಸಾಯಬೇಕು. ಹೈಸ್ಕೂಲಿನ ಮಕ್ಕಳು ಇವೆರಡನ್ನೂ ಒಂದೇ ಎಂದುಕೊಳ್ಳುವುದುಂಟು, ದೊಡ್ಡವರೂ ಕಡಿಮೆಯೇನಲ್ಲ. ಬೀದರ್ ಜಿಲ್ಲೆಯಲ್ಲಿ ಈ ಪಾಠಕ್ಕೆ ಸಾಮಗ್ರಿ ಹುಡುಕಬೇಕಿಲ್ಲ. ಬಸವಕಲ್ಯಾಣದ ಹತ್ತಿರ ಚುಳಕಿನಾಲಾ ಜಲಾಶಯವಿದೆ. ಹುಮನಾಬಾದಿಗೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಕಾರಂಜಾ ಜಲಾಶಯದ ನೀರು. ಮಳೆಗಾಲದಲ್ಲಿ ಹೊಲದ ಎರೆಮಣ್ಣು ಹಳ್ಳ ಸೇರುತ್ತದೆ.

ಆ ಮಣ್ಣಿನ ಜೇಡಿಕಣ ಅತಿ ಸಣ್ಣದು. ಕೊಡದಲ್ಲಿಟ್ಟ ನೀರು ರಾತ್ರಿ ಕಳೆದರೂ ಪೂರ್ತಿ ತಿಳಿಯಾಗದು, ಏಕೆಂದರೆ ಋಣ ವಿದ್ಯುದಂಶ ಹೊತ್ತ ಕಣಗಳು ಒಂದನ್ನೊಂದು ದೂಡುತ್ತಿರುತ್ತವೆ. ಪಟಿಕ, ಅಂದರೆ ಆಲಂ, ಹಾಕಿದಾಗ ಈ ದೂಡಾಟ ನಿಲ್ಲುತ್ತದೆ. ಕಣಗಳು ಅಂಟಿಕೊಂಡು ಹಿಂಜಿದ ಹತ್ತಿಯಂತಾಗಿ ತಳಕ್ಕಿಳಿಯುತ್ತವೆ. ಎಷ್ಟು ಹಾಕಬೇಕೆಂದು ಶುದ್ಧೀಕರಣ ಘಟಕಗಳು ‘ಜಾರ್ ಟೆಸ್ಟ್’ನಿಂದ ತಿಳಿಯುತ್ತವೆ. ಶಾಲೆಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗುವುದು ಕಷ್ಟ. ಒಂದು ಲೀಟರ್ ದ್ರಾವಣದಲ್ಲಿ 10 ಗ್ರಾಂ ಆಲಂ ಇದ್ದರೆ ಪ್ರತಿ ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಇರುತ್ತದೆ. ಲೀಟರ್ ರಾಡಿ ನೀರು ತುಂಬಿದ ಪಾತ್ರೆಗಳಿಗೆ ಕ್ರಮವಾಗಿ 1, 2, 3, 4 ಮಿ.ಲೀ. ಹಾಕಿ, ಒಂದು ನಿಮಿಷ ಜೋರಾಗಿ, ಆಮೇಲೆ ಕಾಲು ಗಂಟೆ ಮೆಲ್ಲಗೆ ಕಲಕಿ, ಅರ್ಧ ಗಂಟೆ ಬಿಡಬೇಕು. ಜೋರು ಆಲಂ ಹರಡಲಿಕ್ಕೆ, ಮೆಲ್ಲಗೆ ಕಣ ಕೂಡಲಿಕ್ಕೆ. ಅತಿ ಕಡಿಮೆ ಆಲಂನಲ್ಲಿ ಚೆನ್ನಾಗಿ ತಿಳಿಯಾದ ಪಾತ್ರೆಯೇ ಉತ್ತರ. ಮಿತಿ ಮೀರಿದರೆ ನೀರು ಆಮ್ಲೀಯವಾಗುತ್ತದೆ, ಕೆಲವೊಮ್ಮೆ ಮತ್ತೆ ರಾಡಿಯೂ ಆಗುತ್ತದೆ.

ಉಳಿದ ಕಣಗಳನ್ನು ಮರಳಿನ ಹಾಸು ಹಿಡಿಯುತ್ತದೆ. ಘಟಕಗಳಲ್ಲಿ ಅದು ಸಾಮಾನ್ಯವಾಗಿ 60ರಿಂದ 75 ಸೆಂ.ಮೀ. ದಪ್ಪ, ಕಟ್ಟಿಕೊಂಡಾಗ ಕೆಳಗಿನಿಂದ ನೀರು ನುಗ್ಗಿಸಿ ತೊಳೆಯುತ್ತಾರೆ. ವಿಜ್ಞಾನ ಮೇಳದಲ್ಲಿ ಬಹುಮಾನ ಗೆಲ್ಲುವ ಬಾಟಲಿ ಫಿಲ್ಟರಿನದೂ ಇದೇ ತತ್ವ, ಆದರೆ ಅದರ ನೀರನ್ನು ಯಾರಿಗೂ ಕುಡಿಸಬಾರದು. ಮರಳಿನ ಸಂದು ಬ್ಯಾಕ್ಟೀರಿಯಾಕ್ಕೆ ಹೆದ್ದಾರಿ.

ಅವನ್ನು ಕೊಲ್ಲುವುದು ಕ್ಲೋರಿನ್. ರಾಡಿ ನೀರಿಗೆ ನೇರವಾಗಿ ಬ್ಲೀಚಿಂಗ್ ಪೌಡರ್ ಹಾಕಿದರೆ ಕೊಳೆಯೇ ಕ್ಲೋರಿನ್ ನುಂಗುತ್ತದೆ, ಮಣ್ಣಿನ ಕಣದ ಮರೆಯಲ್ಲಿ ರೋಗಾಣು ಬದುಕುತ್ತದೆ. ಹಂತಗಳ ಕ್ರಮಕ್ಕೆ ಕಾರಣ ಇದೇ. ಬಳಕೆದಾರರ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಮುಕ್ತ ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನಕ ಐಎಸ್ 10500ರ ಅಳತೆ. ಪೈಪಿನಲ್ಲಿ ಕೊಳೆ ಸೇರಿದರೆ ಕಾಯುವುದು ಈ ಉಳಿಕೆಯೇ. ಆರ್ಥೊಟಾಲಿಡಿನ್ ಹನಿ ಹಾಕಿದಾಗ ಬರುವ ಹಳದಿ ಬಣ್ಣ ಅದನ್ನು ತೋರಿಸುತ್ತದೆ. ಬಣ್ಣವನ್ನು ಕೂಡಲೇ ನೋಡಬೇಕು, ಪರೀಕ್ಷಿಸಿದ ನೀರನ್ನು ಚೆಲ್ಲಬೇಕು.

ಮಲದ ಸೋಂಕನ್ನು ಕಣ್ಣಿಗೆ ಕಾಣಿಸುವುದು ಎಚ್‌2ಎಸ್ ಬಾಟಲಿ. ನೀರು ತುಂಬಿ ಬೆಚ್ಚಗಿಟ್ಟಾಗ ಒಂದೆರಡು ದಿನದಲ್ಲಿ ಕಪ್ಪಾದರೆ ಸೋಂಕಿನ ಶಂಕೆ. ಸೋಸಿದ ನೀರು, ಕ್ಲೋರಿನ್ ಹಾಕಿದ ನೀರು, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ತಿಳಿನೀರಿನ ಭ್ರಮೆ ಕಳೆಯುತ್ತದೆ. ಗೊಬ್ಬರದಿಂದ ಕರಗಿ ಬಂದ ನೈಟ್ರೇಟ್ ಮಾತ್ರ ಈ ಯಾವ ಹಂತದಲ್ಲೂ ಹೋಗುವುದಿಲ್ಲ, ಕುದಿಸಿದರೂ ಹೋಗದು. ಅದು ಇದೆಯೇ ಎಂದು ತಿಳಿಯಲು ಬೇರೆ ಪರೀಕ್ಷೆಯೇ ಬೇಕು.