ಎಲ್ಲರೂ ಕೂಡಿ ಬರೆಯುವ ವಹಿ

ಪೈಠಣದ ನಮ್ಮ ವಾಚನಾಲಯಕ್ಕೆ ಬರುವ ತರುಣರ ಬಾಯಲ್ಲಿ ಗಿಟ್‌ಹಬ್ ಎಂಬ ಹೆಸರು ಆಗಾಗ ಕೇಳುತ್ತದೆ. ಅದೇನೆಂದು ಹಿರಿಯರು ನಮ್ಮನ್ನು ಕೇಳುತ್ತಾರೆ. ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರು, ತಿಳಿದಷ್ಟು ಹೇಳುತ್ತೇವೆ.

ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಬರಹಕ್ಕೆ ಕೋಡ್ ಎನ್ನುತ್ತಾರೆ. ಹತ್ತು ಊರಿನ ಹತ್ತು ಜನ ಅದನ್ನು ಕೂಡಿ ಬರೆಯುವಾಗ ಯಾರು, ಯಾವ ದಿನ, ಯಾವ ಸಾಲು ತಿದ್ದಿದರೆಂಬುದನ್ನು ರೋಜುಕಿರ್ದಿಯಂತೆ ದಾಖಲಿಸುವ ಸಾಧನವೇ ಗಿಟ್. ಲೈನಸ್ ಟೋರ್ವಾಲ್ಡ್ಸ್ ಅವರು 2005ರಲ್ಲಿ ಅದನ್ನು ರಚಿಸಿದರು. ಇಂಥ ವಹಿಗಳನ್ನು ಅಂತರಜಾಲದಲ್ಲಿ ಇರಿಸಿಕೊಳ್ಳುವ ಮನೆ, 2008ರಲ್ಲಿ ತೆರೆದ ಗಿಟ್‌ಹಬ್. ಗಿಟ್‌ಲ್ಯಾಬ್, ಕೋಡ್‌ಬರ್ಗ್ ಮೊದಲಾದವೂ ಇವೆ. ನಮ್ಮಂಥವರ ಉಪಯೋಗಕ್ಕೆ ಕಾಸು ಕೊಡಬೇಕಾಗಿಲ್ಲ.

ಕೋಡಷ್ಟೇ ಅಲ್ಲ, ನಿಘಂಟನ್ನೂ ಅಲ್ಲಿಡಬಹುದು. ವಿ. ಕೃಷ್ಣ ಎಂಬ ಮಹನೀಯರು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ದುಡಿದು ರಚಿಸಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಹೊರಬಂತು. ಸುಮಾರು ಒಂದೂವರೆ ಲಕ್ಷ ಪದಗಳ ಅದರ ಸಾಮಗ್ರಿ ಗಿಟ್‌ಹಬ್ಬಿನಲ್ಲಿದೆ. ನಮ್ಮ ಕೋಣೆಯಲ್ಲಿ ಕುಳಿತವರೂ ಅದರ ಪ್ರತಿ ಇಳಿಸಿಕೊಳ್ಳಬಹುದು. ವಾಚನಾಲಯದ ಅಚ್ಚಿನ ನಿಘಂಟು ‘ಹ’ಕಾರದ ಹಾಳೆಗಳನ್ನು ಕಳಕೊಂಡು ಎಷ್ಟು ದಿನವಾಯಿತೆಂಬುದನ್ನು ವಾಚಕರೇ ಬಲ್ಲರು.

ಆದರೆ ಬರೆದದ್ದೆಲ್ಲ ಉಳಿಯುವುದೇ ಒಮ್ಮೊಮ್ಮೆ ಕುತ್ತಾಗುತ್ತದೆ. ನಮ್ಮ ಪುಸ್ತಕಪಟ್ಟಿಯನ್ನು ಅಲ್ಲಿ ಏರಿಸುವಾಗ ನಾವೇ ಒಂದು ಅವಿವೇಕ ಮಾಡಿದೆವು. ಪುಸ್ತಕ ಒಯ್ದವರ ಹೆಸರು, ಫೋನ್ ನಂಬರುಗಳ ಪುಟವೂ ಜೊತೆಗೆ ಹೋಯಿತು. ಮರುದಿನ ಅಳಿಸಿದೆವು. ಹಿಂದಿನ ದಿನದ ದಾಖಲೆ ತೆರೆದು ನೋಡಿದರೆ ಎಲ್ಲವೂ ಹಾಗೆಯೇ ಇತ್ತು! ಕೊನೆಗೆ ಆ ವಹಿಯನ್ನೇ ತೆಗೆದುಹಾಕಿ ಹೊಸದನ್ನು ಇಟ್ಟೆವು. ನಡುವೆ ಯಾರಾದರೂ ಪ್ರತಿ ಇಳಿಸಿಕೊಂಡಿದ್ದರೆ ಅದಕ್ಕೆ ಉಪಾಯವಿಲ್ಲ. ಆ ಸದಸ್ಯರೆಲ್ಲರ ಕ್ಷಮೆ ಬೇಡುತ್ತೇವೆ.

ಇನ್ನು, ಮನೆ ನಮ್ಮದಲ್ಲ. ಗಿಟ್‌ಹಬ್ಬನ್ನು 2018ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. ಇಂಥದೇ ಇನ್ನೊಂದು ಮನೆಯಾದ ಗೂಗಲ್ ಕೋಡ್ 2016ರಲ್ಲಿ ಬಾಗಿಲು ಹಾಕಿತು. 2014ರ ಡಿಸೆಂಬರಿನಲ್ಲಿ ನಮ್ಮ ದೇಶದಲ್ಲಿ 32 ತಾಣಗಳನ್ನು ತಡೆಹಿಡಿದಾಗ ಗಿಟ್‌ಹಬ್ಬೂ ಅದರಲ್ಲಿ ಸಿಕ್ಕಿಬಿತ್ತು. ಇದರಿಂದ ವಹಿಗೆ ಅಷ್ಟು ಭಯವಿಲ್ಲ; ಪೂರ್ತಿ ಪ್ರತಿ ಇಳಿಸಿಕೊಂಡವರ ಬಳಿ ಮೊದಲ ದಿನದಿಂದ ಬರೆದದ್ದೆಲ್ಲ ಇರುತ್ತದೆ. ಆದರೆ ತಪ್ಪು ತೋರಿಸಿ ಜನರು ಅಲ್ಲಿ ಬರೆದ ಪತ್ರಗಳು, ಅವಕ್ಕೆ ಬಂದ ಉತ್ತರಗಳು ವಹಿಯ ಜೊತೆ ಬರುವುದಿಲ್ಲ. ಅವನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಇದನ್ನು ಬಹಳ ಜನ ಮರೆಯುತ್ತಾರೆ, ನಾವೂ ಮರೆತಿದ್ದೆವು.

ಪುಸ್ತಕಪಟ್ಟಿಯ ಒಂದು ಪ್ರತಿ ಈಗ ವಾಚನಾಲಯದ ಕಂಪ್ಯೂಟರಿನಲ್ಲಿಯೂ ಇನ್ನೊಂದು ಕಾರ್ಯದರ್ಶಿಗಳ ಮನೆಯಲ್ಲಿಯೂ ಇದೆ. ಪುಸ್ತಕ ಒಯ್ದವರ ಹೆಸರುಗಳನ್ನು ಮೊದಲಿನಂತೆ ಕೆಂಪು ರಟ್ಟಿನ ವಹಿಯಲ್ಲಿ ಕೈಯಿಂದಲೇ ಬರೆಯುತ್ತಿದ್ದೇವೆ.