ಅಪ್ಪ, ತೋಪು, ಹಾಲು: ಪದಗಳ ನಂಟನ್ನು ಅಳೆಯುವುದು ಹೇಗೆ?

ಹಂಗೇರಿಯನ್ ಭಾಷೆಯಲ್ಲಿ ತಂದೆಗೆ 'ಅಪ' ಎನ್ನುತ್ತಾರೆ, ನಮ್ಮಲ್ಲಿ 'ಅಪ್ಪ'. ಹಾಗಾದರೆ ಎರಡೂ ಒಂದೇ ಕುಟುಂಬದ ಭಾಷೆಗಳೇ? 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳಿಗೂ ಟರ್ಕಿಷ್, ಫಿನ್ನಿಷ್ ಮುಂತಾದವಕ್ಕೂ ನಂಟಿದೆ ಎಂದು ಸೂಚಿಸಿದ್ದರು. ಇವುಗಳ ಪದರಚನೆಯಲ್ಲಿ ಹೋಲಿಕೆ ಇದೆ. ನಮ್ಮ 'ಮನೆ-ಗಳ-ಲ್ಲಿ' ಟರ್ಕಿಷ್‌ನಲ್ಲಿ 'ಎವ್-ಲೆರ್-ದೆ'. ಆದರೆ ಜಪಾನೀ ಭಾಷೆಯೂ ಹೀಗೆಯೇ ಪ್ರತ್ಯಯ ಅಂಟಿಸುತ್ತದೆ. ರಚನೆಯೊಂದೇ ಸಾಕ್ಷ್ಯವಾಗದು.

ಆಕಸ್ಮಿಕದ ಲೆಕ್ಕ

ಎರಡು ಭಾಷೆಗಳ 100 ಸಮಾನಾರ್ಥಕ ಜೋಡಿಗಳನ್ನು ಹೋಲಿಸೋಣ. ಪ್ರತಿ ಜೋಡಿ ಆಕಸ್ಮಿಕವಾಗಿ ಹೊಂದುವ ಸಂಭವ ಶೇ. 1 ಎಂದಿಟ್ಟುಕೊಳ್ಳಿ. ಯಾವುದೂ ಹೊಂದದಿರುವ ಸಂಭವ 0.99ರ ನೂರನೆಯ ಘಾತ, ಸುಮಾರು 0.37. ಅಂದರೆ ಒಂದಾದರೂ ಹೊಂದುವ ಸಂಭವ ಶೇ. 63! ಇನ್ನು 'ಅಪ್ಪ', 'ಅಮ್ಮ'ಗಳಲ್ಲಿ ಇರುವುದು ಕೂಸುಗಳು ಮೊದಲು ಉಲಿಯುವ ತುಟಿಯ ಧ್ವನಿಗಳು. ಅಂಥ ಪದಗಳು ಲೋಕದ ಎಲ್ಲೆಡೆ ಸಿಗುತ್ತವೆ.

ಸಾಲದ ಪದಗಳು

'ಮಾವಿನ ತೋಪು' ಎನ್ನುವಾಗಿನ ತೋಪು ದ್ರಾವಿಡ ಪದ. ತಮಿಳಿನ 'ತೋಪ್ಪು' ಅದರ ಬಂಧು. ಮದ್ದುಗುಂಡು ಹಾರಿಸುವ 'ತೋಪು' ಮಾತ್ರ ಟರ್ಕಿಷ್‌ನ 'ತೊಪ್'. ಅದು ಸೈನ್ಯಗಳೊಡನೆ ಪಾರಸಿ, ಉರ್ದುಗಳ ಮೂಲಕ ಬಂತು. 'ಉರ್ದು' ಎಂಬ ಹೆಸರೇ ಸೇನೆಯ ಬೀಡು ಎಂಬರ್ಥದ ತುರ್ಕಿ ಪದ. ಸಾಲ ಪಡೆದ ಮಾತ್ರಕ್ಕೆ ರಕ್ತಸಂಬಂಧ ಬಾರದು.

ನಿಜವಾದ ಪರೀಕ್ಷೆ

ಆಂಧ್ರದ ಗಡಿಯಲ್ಲಿರುವ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುತ್ತವೆ. ಗಮನಿಸಿ: ತೆಲುಗಿನ ಪಾಲು ಕನ್ನಡದಲ್ಲಿ ಹಾಲು, ಪುಲಿ, ಹುಲಿ, ಪಾಮು, ಹಾವು, ಪುವ್ವು, ಹೂವು. ಎಲ್ಲೆಡೆ 'ಪ' ಇದ್ದಲ್ಲಿ 'ಹ'. ಹಳಗನ್ನಡದಲ್ಲೂ 'ಪ'ವೇ ಇತ್ತು. ಹೀಗೆ ನಿಯಮಬದ್ಧವಾಗಿ ಮರುಕಳಿಸುವ ವ್ಯತ್ಯಾಸವೇ ನಂಟಿನ ಗುರುತು.

ಯುರಾಲಿಕ್ ಕುಟುಂಬದಲ್ಲೂ ಇಂಥದೇ ನಿಯಮವಿದೆ. ಫಿನ್ನಿಷ್‌ನ ಪೂ (ಮರ) ಹಂಗೇರಿಯನ್‌ನಲ್ಲಿ ಫ; ಪೊಯ್ಕ (ಹುಡುಗ), ಫಿಯು; ಪೆಸ (ಗೂಡು), ಫೇಸೆಕ್. ಇಷ್ಟು ಅಚ್ಚುಕಟ್ಟಾದ ಸರಣಿ ಕನ್ನಡಕ್ಕೂ ಇವಕ್ಕೂ ನಡುವೆ ದೊರೆತಿಲ್ಲ. ಆದ್ದರಿಂದಲೇ ದ್ರಾವಿಡ, ಯುರಾಲಿಕ್, ತುರ್ಕಿಗಳನ್ನು ಇಂದು ಬೇರೆ ಬೇರೆ ಕುಟುಂಬಗಳೆಂದು ಎಣಿಸಲಾಗುತ್ತದೆ.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಗುವನ್ನು 'ಕಲಬೆರಕೆ ಭಾಷೆ' ಎಂದು ಹಂಗಿಸುವುದುಂಟು. ವಾಸ್ತವದಲ್ಲಿ ಎರಡು ಸಹೋದರ ಭಾಷೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಪ್ರಯೋಗಶಾಲೆ ಆ ಮಗುವಿನ ನಾಲಿಗೆಯ ಮೇಲೇ ಇದೆ. ಮನೆಯ ಹಿರಿಯರಿಂದ ಹೊಲ, ಕುರಿ, ಧಾನ್ಯಗಳ ಹೆಸರುಗಳನ್ನು ಎರಡೂ ಭಾಷೆಗಳಲ್ಲಿ ಕೇಳಿ ಬರೆದಿಡಿ. ಒಂದೇ ಜೋಡಿ ಹೊಂದಿದರೆ ಹಿಗ್ಗಬೇಡಿ, ನಿಯಮ ಹುಡುಕಿ.